ಕಲಂ ಏಳು

ನಮೂನೆಯಲ್ಲಿ ಏಳನೆಯ ಕಲಂ: ಸಂಶೋಧನಾ ಆಸಕ್ತಿ.
ಜನ್ಮದಿನಾಂಕಕ್ಕೂ ಬ್ಯಾಂಕು ಖಾತೆಗೂ ನಡುವೆ
ಒಂದೂವರೆ ಗೆರೆ ಜಾಗ.

ಗಂಗೋತ್ರಿಯ ಅರ್ಥಶಾಸ್ತ್ರ ವಿಭಾಗದಲ್ಲಿ
ಇಪ್ಪತ್ತೆರಡು ವರ್ಷದಿಂದ ಇದನ್ನು ನುಡಿಯಲ್ಲಿ ಒತ್ತುವವಳು ನಾನು.
ಕೈಬರಹ ಓದಿ ಓದಿ
ಯಾರಿಗೆ ಯಾವುದರ ಮೇಲೆ ಮನಸ್ಸು ಎಂಬುದು
ಮನೆಯವರಿಗಿಂತ ಮೊದಲು ನನಗೆ ತಿಳಿಯುತ್ತದೆ.

ಮರಿಬಸವಯ್ಯ ಮೇಷ್ಟ್ರದು ಸಕ್ಕರೆ.
ಸಕ್ಕರೆಯ ಬೆಲೆ, ಕಬ್ಬಿನ ತೂಕ, ಮಂಡ್ಯದ ಕಾರ್ಖಾನೆಯ ಪಾಳಿ;
ನಾನು ಸೇರಿದಾಗಿಂದ ಒಂದಕ್ಷರ ಬದಲಿಸಿಲ್ಲ.
ಕ್ಯಾಂಟೀನಿನ ಹುಡುಗ ಅವರ ಲೋಟ ಮಾತ್ರ
ತಟ್ಟೆಯ ಅಂಚಿಗೆ ಬೇರೆ ಇಡುತ್ತಾನೆ.
ಸಪ್ಪೆ ಚಹಾ.

ಸಬೀಹಾ ಮೇಡಂ ಅಗರಬತ್ತಿ ಹೊಸೆಯುವ ಹೆಂಗಸರ
ಗಂಟೆಗಳನ್ನು ಎಣಿಸುತ್ತಾರೆ.
ಎಣಿಸಲು ಹೋದವರು ಮಂಡಿ ಮೊಹಲ್ಲಾದ ಜಗಲಿಯಲ್ಲಿ
ತಾವೇ ಕೂತು ಎರಡು ವಾರ ಹೊಸೆದರಂತೆ.
ಆ ವರ್ಷ ಅವರು ತಿದ್ದಿದ ಉತ್ತರಪತ್ರಿಕೆಗಳ ವಾಸನೆ
ಮರುಎಣಿಕೆಗೆ ಕಟ್ಟು ಬಿಚ್ಚಿದಾಗಲೂ ಹೋಗಿರಲಿಲ್ಲ.

ಅತಿಥಿ ಉಪನ್ಯಾಸಕ ಚಲುವರಾಜು
ಒಂಬತ್ತು ಆಸಕ್ತಿ ಬರೆದು
ಹತ್ತನೆಯದಕ್ಕೆ ಅಲ್ಪವಿರಾಮ ಹಾಕಿ ಬಿಟ್ಟಿದ್ದ.
‘ಎಲ್ಲಿ ಹುದ್ದೆ ಖಾಲಿಯಾಗುತ್ತೋ ಅಲ್ಲಿ ಆಸಕ್ತಿ, ಮೇಡಂ.’
ಅದು ಅವನಿಗೆ ಸಂಬಳವಿಲ್ಲದ ತಿಂಗಳು.
ಆ ಅಲ್ಪವಿರಾಮ ನಾನು ಅಳಿಸಲಿಲ್ಲ.

ಉಳಿದದ್ದು ಡಾಕ್ಟರ್ ದೇವೀರಮ್ಮನವರದು.
ಮೂರು ನೆನಪೋಲೆ ಹೋಯಿತು. ನಾಲ್ಕನೆಯದಕ್ಕೆ
ಪೆನ್ಸಿಲಿನಲ್ಲಿ ಒಂದೇ ಪದ ಬಂತು:
ಮೊಳ.

ಮೊಲ ಇರಬೇಕು ಅಂದುಕೊಂಡೆ. ಪಶುಪಾಲನೆಯೋ ಏನೋ.

‘ಅಲ್ಲ ಕಣಮ್ಮ, ಹೂವಿನ ಮೊಳ’ ಎಂದರು.
ಬೆಳಗಿನ ಐದೂವರೆಗೆ ದೇವರಾಜ ಮಾರುಕಟ್ಟೆಗೆ ಹೋಗಿ
ಟೈಲರ್ ಟೇಪು ಹಿಡಿದು
ಹೂವಾಡಗಿತ್ತಿಯರ ಮೊಣಕೈಯಿಂದ ನಡುಬೆರಳ ತುದಿಯವರೆಗೆ
ಅರವತ್ತೊಂದು ಕೈ ಅಳೆದಿದ್ದರು.
ಹದಿನೈದು ಇಂಚಿನದೂ ಮೊಳವೇ, ಹದಿನೆಂಟರದೂ ಮೊಳವೇ,
ಬೆಲೆ ಎರಡಕ್ಕೂ ಒಂದೇ.
ಹಾಗಾದರೆ ಮೈಸೂರಿಗೆ ಮೈಸೂರೇ
ಉದ್ದ ಕೈಯವಳ ಮುಂದೆ ಸಾಲು ನಿಲ್ಲಬೇಕಲ್ಲ,
ಯಾಕೆ ನಿಲ್ಲುವುದಿಲ್ಲ?
ಹನ್ನೊಂದು ವರ್ಷದಿಂದ ಅವರಿಗೆ ಇದೊಂದೇ.

ವಿಚಾರಸಂಕಿರಣದ ದಿನ ಊಟದ ಟೋಕನ್ ಹಿಡಿದು
ನಾನು ಬಾಗಿಲ ಹತ್ತಿರ ನಿಂತಿದ್ದೆ.
ದಿಲ್ಲಿಯಿಂದ ಬಂದವರೊಬ್ಬರು ಕೇಳಿದರು,
ಸರ್ಕಾರದ ನೀತಿಗೆ ಇದರಿಂದ ಏನು ಉಪಯೋಗ?
ದೇವೀರಮ್ಮ ನೀರು ಕುಡಿದರು.
‘ಇನ್ನೂ ಗೊತ್ತಿಲ್ಲ’ ಎಂದರು.
ಎರಡು ದಿನದ ಆ ಸಭೆಯಲ್ಲಿ
ಆ ಮಾತು ಬೇರೆ ಯಾರ ಬಾಯಲ್ಲೂ ಬಂದದ್ದು ಕಾಣೆ.

ಅವರ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಒಬ್ಬಳಿದ್ದಾಳೆ,
ನಿಂಗಾಜಮ್ಮ, ಬಾಳೆಎಲೆ ಸಾಲಿನ ಕೊನೆಯವಳು.
ಬಸ್ಸಿಂದ ಬಿದ್ದು, ನಾಟಿ ಕಟ್ಟು ಕಟ್ಟಿಸಿ, ಸೊಟ್ಟಗೆ ಕೂಡಿದ ಕೈ.
ಹದಿಮೂರು ಇಂಚು.
ಅಳೆದ ಮೇಲೆ ಪ್ರತಿ ಸಲವೂ
ನಾಕು ಬೆರಳು ಆಚೆಗೆ ಸರಿಸಿ ದಾರ ಕಡಿಯುತ್ತಾಳೆ.
ಕೊಸರು ಎಂದರೆ ಸಿಟ್ಟು ಬರುತ್ತದೆ:
‘ಕೊಸರು ಯಾಕ್ ಕೊಡ್ಲಿ? ಕೈ ಮೋಸ ಮಾಡ್ತದೆ,
ನಾನು ಸರಿ ಮಾಡ್ತೀನಿ, ಅಷ್ಟೆಯ.’
ಕೂಡಿಸಿದರೆ ಹದಿನಾರು ಚಿಲ್ಲರೆ.
ಇಡೀ ಮಾರುಕಟ್ಟೆಯ ಸರಾಸರಿಯೂ ಅಷ್ಟೇ.
ಅವಳು ಟೇಪು ಮುಟ್ಟಿದವಳಲ್ಲ.

ಕುಲಸಚಿವರ ಕಚೇರಿಯಿಂದ ನಮೂನೆ ವಾಪಸು ಬಂತು:
‘ಕಲಂ ಏಳು ಸ್ಪಷ್ಟವಿಲ್ಲ. ಪೂರ್ಣ ವಿವರ ಒದಗಿಸುವುದು.’
ಮೇಡಂ ರಜೆಯಲ್ಲಿದ್ದರು. ನಾನೇ ಕೂತೆ.
ಮೊಳ ಎಂದು ಒತ್ತಿದೆ.
ಮುಂದೇನು ಎಂದು ಕರ್ಸರ್ ಮಿನುಗುತ್ತಲೇ ಇತ್ತು.

ಮೇಜಿನ ಅಂಚಿಗೆ ಮೊಣಕೈ ಊರಿ
ಒಂದಡಿ ಸ್ಕೇಲನ್ನು ಎರಡು ಸಲ ಸರಿಸಿ ನೋಡಿದೆ.
ಹದಿನಾರು ಮುಕ್ಕಾಲು.
ಈವರೆಗೆ ಬರೀ ಕೊಂಡ ಕೈ.

ಮರಿಬಸವಯ್ಯ ಮೇಷ್ಟ್ರು ಸಹಿಗೆ ಬಂದವರು
‘ಏನಮ್ಮ ಅದು?’ ಎಂದರು.
‘ಆಸಕ್ತಿ, ಸಾರ್.’
ಒಂದು ಗಳಿಗೆ ಸುಮ್ಮನೆ ನಿಂತರು.
ಆಮೇಲೆ ತುಂಬುತೋಳಿನ ಗುಂಡಿ ಬಿಚ್ಚಿ
ಅವರೂ ಕೈ ಚಾಚಿದರು.